ಗಣಿಯ ಬಾಗಿಲಿಗೆ ಹೋದ ಮೀಟರು: ಉಸಿರು ಅಳೆಯುವ ಕೈ ಉಪಕರಣಗಳ ಕತೆ

ಕೋವಿಡ್ ಹೊತ್ತಿನಲ್ಲಿ ಮೂರು ಚೆಂಡಿನ ಪ್ಲಾಸ್ಟಿಕ್ ಡಬ್ಬಿ ಕೊಂಡವರು ಇಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತಿ ನೋಡೋಣ. ಅರ್ಧ ಸಭೆಯೇ ಎತ್ತಿತು. ಅದನ್ನು ಅಂಗಡಿಯವರೂ ಸ್ಪೈರೋಮೀಟರ್, ಅಂದರೆ ಉಸಿರು ಅಳೆಯುವ ಯಂತ್ರ, ಅಂತಲೇ ಮಾರುತ್ತಾರೆ. ಆದರೆ ಅದರ ಮುಖ್ಯ ಕೆಲಸ ಅಳೆಯುವುದಲ್ಲ, ವ್ಯಾಯಾಮ ಮಾಡಿಸುವುದು. ಆಪರೇಷನ್ ಆದವರು ನೋವಿಗೆ ಹೆದರಿ ಪೂರ್ತಿ ಉಸಿರು ಎಳೆಯುವುದಿಲ್ಲ. ಶ್ವಾಸಕೋಶದ ಕೆಳಭಾಗ ಮುದುಡಿಕೊಳ್ಳುತ್ತದೆ. ಅದನ್ನು ಅರಳಿಸಲು ಮಾಡಿದ ಡಬ್ಬಿ ಅದು. ಉಸಿರು ಒಳಕ್ಕೆ ಎಳೆದರೆ ಚೆಂಡು ಮೇಲೇಳುತ್ತದೆ.

ನಾನು ಇವತ್ತು ಹೇಳುವ ಉಪಕರಣಗಳು ಊದುವಂಥವು. ಎಳೆಯುವುದಕ್ಕೂ ಊದುವುದಕ್ಕೂ ಯಾಕೆ ಇಷ್ಟು ವ್ಯತ್ಯಾಸ? ಉಸಿರು ಎಳೆದಾಗ ಎದೆ ಹಿಗ್ಗುತ್ತದೆ, ಜೊತೆಗೆ ಒಳಗಿನ ಕೊಳವೆಗಳೂ ಸ್ವಲ್ಪ ಅಗಲವಾಗುತ್ತವೆ. ಜೋರಾಗಿ ಊದಿದಾಗ ಎದೆಯ ಒತ್ತಡ ಅದೇ ಕೊಳವೆಗಳನ್ನು ಅಮುಕುತ್ತದೆ. ಅವು ಮೊದಲೇ ಬಾತುಕೊಂಡಿದ್ದರೆ ಗಾಳಿ ಹೊರಗೆ ಬರಲು ಒದ್ದಾಡುತ್ತದೆ. ಉಬ್ಬಸ ಇರುವವರ ಎದೆಯಲ್ಲಿ ಸುಯ್ ಸುಯ್ ಸದ್ದು ಹೆಚ್ಚಾಗಿ ಕೇಳುವುದು ಉಸಿರು ಬಿಡುವಾಗಲೇ, ಅಲ್ವಾ? ಹಾಗಾಗಿ ಕಾಯಿಲೆ ಹಿಡಿಯಬೇಕಾದರೆ ಊದಿಸಬೇಕು.

ನಾನು ವೈದ್ಯನಲ್ಲ. ಆಸ್ಪತ್ರೆಗಳ ಉಪಕರಣ ರಿಪೇರಿ ಮಾಡಿಕೊಂಡು ಬಂದವನು. ನನ್ನ ಕಣ್ಣು ಕಾಯಿಲೆಗಿಂತ ಸ್ಪ್ರಿಂಗಿನ ಮೇಲೆ ಜಾಸ್ತಿ. ರಿಪೇರಿಯವನ ಕಣ್ಣಿಗೆ ಕಂಡದ್ದು ಇಷ್ಟು: ಉಸಿರು ಅಳೆಯುವ ಯಂತ್ರ ಚಿಕ್ಕದಾದಾಗಲೆಲ್ಲ ಅದು ಹೊಸ ಜಾಗಕ್ಕೆ ಹೋಗಿದೆ, ಅಲ್ಲಿ ಹೊಸದೇನನ್ನೋ ಕಂಡಿದೆ. ಹಾಗೆ ಚಿಕ್ಕದಾಗಲು ಏನನ್ನೋ ಬಿಟ್ಟೂ ಇದೆ.

ಚಿಕ್ಕದರ ಕತೆ ಹೇಳಬೇಕಾದರೆ ದೊಡ್ಡದರಿಂದ ಶುರು ಮಾಡಬೇಕು. 1846ರಲ್ಲಿ ಲಂಡನ್ನಿನ ವೈದ್ಯ ಜಾನ್ ಹಚಿನ್ಸನ್ ಒಂದು ದೊಡ್ಡ ಪ್ರಬಂಧ ಬರೆದರು. ಅವರ ಸ್ಪೈರೋಮೀಟರಿನ ತತ್ವ ಸರಳ. ಬಕೆಟ್ ನೀರಿನಲ್ಲಿ ಒಂದು ಕೊಡವನ್ನು ಬೋರಲು ಹಾಕಿ, ಕೆಳಗಿನಿಂದ ಪೈಪಿನಲ್ಲಿ ಊದಿದರೆ ಕೊಡ ಮೇಲೇಳುತ್ತದಲ್ಲ, ಹಾಗೆ. ಕೊಡದ ಭಾರ ಊದುವವರ ಮೇಲೆ ಬೀಳದಂತೆ ರಾಟೆ ಮೇಲಿಂದ ಎದುರು ತೂಕ ಕಟ್ಟಿದ್ದರು. ಎಷ್ಟು ಮೇಲೆದ್ದಿತು ಅನ್ನುವುದನ್ನು ಪಟ್ಟಿಯ ಮೇಲೆ ಓದಿಕೊಳ್ಳುವುದು. ಗಾಳಿ ಎಷ್ಟು ಅನ್ನುವುದು ಗೊತ್ತಾಯಿತು.

ಹಚಿನ್ಸನ್ ಸುಮ್ನೆ ಯಂತ್ರ ಮಾಡಿ ಕೂರಲಿಲ್ಲ. ಎರಡು ಸಾವಿರಕ್ಕೂ ಜಾಸ್ತಿ ಜನರನ್ನು ಊದಿಸಿದರು. ನಾವಿಕರು, ಪೊಲೀಸರು, ಬೆಂಕಿ ಆರಿಸುವವರು, ಕುಸ್ತಿಪಟುಗಳು, ಬಡವರ ಆಶ್ರಯದಲ್ಲಿದ್ದವರು, ದೊಡ್ಡ ಮನೆತನದವರು, ಎಲ್ಲರನ್ನೂ. ಎತ್ತರ ಒಂದು ಇಂಚು ಹೆಚ್ಚಿದರೆ ಊದುವ ಗಾಳಿ 8 ಘನ ಇಂಚು ಹೆಚ್ಚುತ್ತದೆ ಅಂತ ಲೆಕ್ಕ ಹಾಕಿದರು. ನಮ್ಮ ಲೆಕ್ಕದಲ್ಲಿ ಸುಮಾರು 130 ಮಿಲಿಲೀಟರ್. ಇವತ್ತಿಗೂ ಯಾವ ಲ್ಯಾಬಿನಲ್ಲಿ ಪಿಎಫ್‌ಟಿ, ಅಂದರೆ ಶ್ವಾಸಕೋಶದ ಕೆಲಸ ನೋಡುವ ಪರೀಕ್ಷೆ, ಮಾಡಿಸಲು ಹೋದರೂ ಮೊದಲು ನಿಮ್ಮ ಎತ್ತರ ಅಳೆಯುತ್ತಾರೆ. ಆ ಅಭ್ಯಾಸದ ಬೇರು ಇಲ್ಲಿದೆ.

ಅವರು ಊದಿಸಿದವರಲ್ಲಿ ಫ್ರೀಮನ್ ಅನ್ನುವ ಅಮೆರಿಕದ ದೈತ್ಯನೂ ಇದ್ದ. ಎತ್ತರದ ಆಳು, ಗಟ್ಟಿ ಮೈ, ಜನ ದುಡ್ಡು ಕೊಟ್ಟು ನೋಡಲು ಬರುತ್ತಿದ್ದರು. ಕಾಲ ಹೋದಂತೆ ಅವನು ಊದುವ ಗಾಳಿ ಕಡಿಮೆಯಾಗುತ್ತಾ ಬಂತು. ಕೊನೆಗೆ ಕ್ಷಯದಿಂದ ತೀರಿಕೊಂಡ. ಹೊರಗೆ ನೋಡಿದರೆ ಗಟ್ಟಿ ಆಳು, ಒಳಗೆ ಕಾಯಿಲೆ. ಇದನ್ನು ಯಂತ್ರ ಮುಂಚೆಯೇ ಹೇಳಬಲ್ಲದು ಅನ್ನುವುದು ಹಚಿನ್ಸನ್ನರ ವಾದ. ಅವರು ಜೀವವಿಮೆ ಕಂಪನಿಗೂ ವೈದ್ಯರಾಗಿದ್ದರು. ಯಾರು ಬೇಗ ಸಾಯುತ್ತಾರೆ ಅಂತ ಮುಂಚೆಯೇ ಗೊತ್ತಾಗುವುದು ಅಂಥ ಕಂಪನಿಗೆ ಎಷ್ಟು ಮುಖ್ಯ, ನೀವೇ ಯೋಚಿಸಿ. ಆಮೇಲೆ 1852ರಲ್ಲಿ ಈ ಮನುಷ್ಯ ಇದ್ದಕ್ಕಿದ್ದಂತೆ ಆಸ್ಟ್ರೇಲಿಯಾಕ್ಕೆ ಹೊರಟುಬಿಟ್ಟರು. ಅಲ್ಲಿಂದ ಫಿಜಿ ದ್ವೀಪಕ್ಕೆ ಹೋಗಿ, 1861ರಲ್ಲಿ ಅಲ್ಲೇ ತೀರಿಕೊಂಡರು.

ಅವರ ಯಂತ್ರ ವೈದ್ಯರ ಚೀಲಕ್ಕೆ ಬರುವಂಥದ್ದಲ್ಲ. ಎತ್ತರದ ಸ್ಟ್ಯಾಂಡು, ಒಳಗೆ ನೀರು. ಎತ್ತಿದರೆ ಚೆಲ್ಲುತ್ತದೆ. ಸ್ಟೆತಸ್ಕೋಪು ಮನೆ ಮನೆಗೆ ಹೋಯಿತು, ಇದು ಕೋಣೆಯಲ್ಲೇ ಉಳಿಯಿತು. ಒಂದು ತಮಾಷೆ ಕೇಳಿ. ಇದರ ಮೊಮ್ಮಕ್ಕಳು ಅಮೆರಿಕದಲ್ಲಿ ಮೋಜಿನ ಜಾಗಗಳಿಗೆ ಹೋದವು. ಕಾಸು ಹಾಕಿ ಊದಿದರೆ ಮುಳ್ಳು ತಿರುಗುತ್ತದೆ, ಯಾರ ಎದೆ ಗಟ್ಟಿ ಅಂತ ಪಂದ್ಯ. ಒಬ್ಬರು ಊದಿದ ಬಾಯಲ್ಲೇ ಇನ್ನೊಬ್ಬರು ಊದುವುದು, ಅದೂ ಕ್ಷಯ ಎಲ್ಲೆಲ್ಲೂ ಇದ್ದ ಕಾಲದಲ್ಲಿ!

ಮುಂದಿನ ದೊಡ್ಡ ಹೆಜ್ಜೆ ಯಂತ್ರದ್ದಲ್ಲ, ಗಡಿಯಾರದ್ದು. 1947ರಲ್ಲಿ ಪ್ಯಾರಿಸ್ಸಿನಲ್ಲಿ ಟಿಫ್ನೋ ಮತ್ತು ಪಿನೆಲ್ಲಿ ಅನ್ನುವ ಇಬ್ಬರು ಒಂದು ಸರಳ ಪ್ರಶ್ನೆ ಕೇಳಿದರು. ಒಟ್ಟು ಎಷ್ಟು ಗಾಳಿ ಅನ್ನುವುದಿರಲಿ, ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಬರುತ್ತದೆ? ಆರೋಗ್ಯವಂತರು ಒಟ್ಟು ಗಾಳಿಯ ಮುಕ್ಕಾಲು ಪಾಲು, ಇನ್ನೂ ಜಾಸ್ತಿ, ಮೊದಲ ಸೆಕೆಂಡಿನಲ್ಲೇ ಬಿಟ್ಟುಬಿಡುತ್ತಾರೆ. ಕೊಳವೆ ಕಿರಿದಾದವರಿಗೆ ಅದಕ್ಕೆ ತುಂಬ ಹೊತ್ತು ಬೇಕು. ಇದೇ ಈಗಿನ ಎಫ್‌ಇವಿ1. ನಿಮ್ಮ ಪಿಎಫ್‌ಟಿ ರಿಪೋರ್ಟಿನಲ್ಲಿ ಮೇಲೇ ಇರುತ್ತದೆ, ಮನೆಗೆ ಹೋಗಿ ನೋಡಿ. ಪ್ರಶ್ನೆ ಎಷ್ಟು ಅನ್ನುವುದರಿಂದ ಎಷ್ಟು ಬೇಗ ಅನ್ನುವುದಕ್ಕೆ ತಿರುಗಿತು. ಯಂತ್ರ ಚಿಕ್ಕದಾಗಲು ಇದೇ ದಾರಿ ಮಾಡಿಕೊಟ್ಟಿತು. ಗಾಳಿ ಪೂರ್ತಿ ಹಿಡಿದಿಡಬೇಕಾದರೆ ದೊಡ್ಡ ಪಾತ್ರೆ ಬೇಕೇ ಬೇಕು. ವೇಗ ನೋಡಲು ಪಾತ್ರೆ ಬೇಡ.

ಈಗ ದಕ್ಷಿಣ ವೇಲ್ಸ್‌ಗೆ ಹೋಗೋಣ. ಈ ಕತೆಯ ಮುಖ್ಯ ಜಾಗ ಅದು. ಕಲ್ಲಿದ್ದಲು ಗಣಿಗಳ ನಾಡು. ಧೂಳು ಕುಡಿದು ಕುಡಿದು ಗಣಿ ಕೆಲಸಗಾರರ ಶ್ವಾಸಕೋಶ ಹಾಳಾಗುತ್ತಿತ್ತು. 1945ರಲ್ಲಿ ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ಅಲ್ಲಿನ ಲ್ಯಾಂಡೋ ಆಸ್ಪತ್ರೆಯಲ್ಲಿ ಇದಕ್ಕೆಂದೇ ಒಂದು ಘಟಕ ತೆರೆಯಿತು. ಚಾರ್ಲ್ಸ್ ಫ್ಲೆಚರ್ ಅದರ ಮುಖ್ಯಸ್ಥರು. ಮುಂದೆ ತುಂಬ ಹೆಸರಾದ ಆರ್ಚಿ ಕಾಕ್ರನ್ ಕೂಡ ಅಲ್ಲೇ ಇದ್ದರು, ರಾಂಡಾ ಕಣಿವೆಯಲ್ಲಿ ಊರಿಗೆ ಊರನ್ನೇ ಪರೀಕ್ಷೆ ಮಾಡಿದವರು.

ಅವರಿಗೆ ಒಂದು ತಲೆನೋವು ಇತ್ತು. ಎಕ್ಸ್‌ರೇಯಲ್ಲಿ ಧೂಳಿನ ಕಲೆ ಕಾಣುತ್ತದೆ, ಸರಿ. ಆದರೆ ಕಲೆ ಇರುವವನಿಗೆಲ್ಲ ಏದುಸಿರು ಇಲ್ಲ. ಏದುಸಿರು ಬಿಡುವವನ ಎಕ್ಸ್‌ರೇಯಲ್ಲಿ ಅಷ್ಟು ಕಲೆ ಇಲ್ಲ. ಚಿತ್ರ ಬೇರೆ, ಉಸಿರು ಬೇರೆ. ಉಸಿರನ್ನೇ ಅಳೆಯೋಣ ಅಂದರೆ ಆಗ ಇದ್ದ ಪರೀಕ್ಷೆ ಯಾವುದು? ದೊಡ್ಡ ಚೀಲಕ್ಕೆ ಬಾಯಿಟ್ಟು, ಹತ್ತು ಹದಿನೈದು ಸೆಕೆಂಡು ಬಿಡದೆ, ಎಷ್ಟು ಸಾಧ್ಯವೋ ಅಷ್ಟು ಜೋರಾಗಿ ಉಸಿರಾಡಬೇಕು. ಮೊದಲೇ ದಮ್ಮಿನಿಂದ ಕಂಗೆಟ್ಟವನಿಗೆ ಇದು ಶಿಕ್ಷೆ. ನೂರಾರು ಜನಕ್ಕೆ, ಅದೂ ಗಣಿಯ ಬಾಗಿಲಲ್ಲಿ, ಅವರವರ ಮನೆಯಲ್ಲಿ ಮಾಡಿಸುವುದು ಹೇಗೆ?

ಆ ಘಟಕದಲ್ಲಿ ಕೆಲಸ ಮಾಡಿದ್ದ ಮಾರ್ಟಿನ್ ರೈಟ್, ಓದಿದ್ದು ವೈದ್ಯಕೀಯ, ಕೈ ಮಾತ್ರ ಮೆಕ್ಯಾನಿಕ್‌ನದು. ಅವರು ಮತ್ತು ಕಾಲಿನ್ ಮೆಕೆರೋ ಸೇರಿ 1959ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಹೊಸ ಉಪಕರಣದ ಬಗ್ಗೆ ಬರೆದರು. ಅದೇ ಪೀಕ್ ಫ್ಲೋ ಮೀಟರ್.

ಇದರ ಒಳಗೆ ಏನಿದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ರಿಪೇರಿಯವನ ಚಪಲ ಬಿಡುವುದಿಲ್ಲ. ದುಂಡನೆಯ ಲೋಹದ ಡಬ್ಬಿ. ಪಕ್ಕದಲ್ಲಿ ಊದುವ ಬಾಯಿ. ಒಳಗೆ ನಡುವಿನ ಅಚ್ಚಿಗೆ ಕೂರಿಸಿದ ಒಂದು ರೆಕ್ಕೆ, ಅದನ್ನು ಹಿಂದಕ್ಕೆ ಎಳೆಯುವ ಸುರುಳಿ ಸ್ಪ್ರಿಂಗು. ಊದಿದರೆ ಗಾಳಿ ರೆಕ್ಕೆಯನ್ನು ತಳ್ಳುತ್ತದೆ, ರೆಕ್ಕೆ ತಿರುಗುತ್ತದೆ. ಜಾಣತನ ಇರುವುದು ಮುಂದೆ. ರೆಕ್ಕೆ ತಿರುಗಿದಷ್ಟೂ ಡಬ್ಬಿಯ ಅಂಚಿನಲ್ಲಿರುವ ಸೀಳು ತೆರೆದುಕೊಳ್ಳುತ್ತಾ ಹೋಗುತ್ತದೆ, ಗಾಳಿ ಅಲ್ಲಿಂದ ಹೊರಗೆ ಹೋಗುತ್ತದೆ. ಹೆಚ್ಚು ಜೋರಾಗಿ ಊದಿದರೆ ಹೆಚ್ಚು ಸೀಳು ತೆರೆದ ಮೇಲೆಯೇ ರೆಕ್ಕೆ ನಿಲ್ಲುವುದು. ಹಾಗಾಗಿ ರೆಕ್ಕೆ ಎಲ್ಲಿಯವರೆಗೆ ಹೋಯಿತು ಅನ್ನುವುದೇ ಗಾಳಿಯ ವೇಗ. ಹಿಂದೆ ಜಾರದಂತೆ ಹಲ್ಲಿನ ತಡೆ ಇದೆ. ಮುಳ್ಳು ಅಲ್ಲೇ ನಿಂತಿರುತ್ತದೆ, ನಿಧಾನವಾಗಿ ಓದಿಕೊಳ್ಳಬಹುದು. ಗುಂಡಿ ಒತ್ತಿದರೆ ಸೊನ್ನೆಗೆ ವಾಪಸ್. ಕರೆಂಟು ಬೇಡ, ನೀರು ಬೇಡ, ಕಾಗದ ಬೇಡ. ಒಂದು ಊದು, ಒಂದು ಅಂಕಿ. ಇಂಥ ಉಪಕರಣ ನೋಡಿದರೆ ನನಗೆ ಕೈ ಮುಗಿಯಬೇಕು ಅನ್ನಿಸುತ್ತದೆ.

ರೈಟ್ ಬಗ್ಗೆ ಇನ್ನೊಂದು ಮಾತು. ಕ್ಯಾನ್ಸರ್ ಕೊನೆ ಹಂತದವರಿಗೆ ಚರ್ಮದಡಿ ನಿಧಾನವಾಗಿ ನೋವಿನ ಔಷಧ ಕೊಡುವ ಪುಟ್ಟ ಸಿರಿಂಜ್ ಡ್ರೈವರ್ ಇದೆಯಲ್ಲ, ಅದೂ ಅವರದೇ. ಉಸಿರಿನಲ್ಲಿ ಮದ್ಯ ಅಳೆಯುವ ಸಾಧನದ ಮೇಲೂ ಕೆಲಸ ಮಾಡಿದರು. ಜೇಬಿಗೆ ಬರುವಂಥದ್ದು ಮಾಡುವುದೇ ಅವರ ಹುಚ್ಚು ಅಂತ ಕಾಣುತ್ತದೆ.

ಈಗ ಗಣಿ ಅಂದಕೂಡಲೇ ನಿಮಗೆ ಕೋಲಾರ ನೆನಪಾಗಿರಬೇಕು. ಕೆಜಿಎಫ್ ಕೆಲಸಗಾರರಲ್ಲಿ ಸಿಲಿಕೋಸಿಸ್ ಇದೆ ಅನ್ನುವುದು 1940ರ ದಶಕದಲ್ಲೇ ದಾಖಲಾಗಿತ್ತು. ಚಿನ್ನದ ಬಂಡೆ ಕೊರೆದಾಗ ಏಳುವ ಸಿಲಿಕಾ ಧೂಳು ಅದಕ್ಕೆ ಕಾರಣ. ಹಾಗಾದರೆ ರೈಟ್ ಮೀಟರು ಅಲ್ಲಿಗೆ ಹೋಗಿದ್ದರೆ ಎಲ್ಲ ಗೊತ್ತಾಗುತ್ತಿತ್ತಾ? ಇಲ್ಲ. ಚಿಕ್ಕದು ಏನನ್ನು ಬಿಟ್ಟಿತು ಅನ್ನುವುದು ಇಲ್ಲೇ ತಿಳಿಯುತ್ತದೆ. ಸಿಲಿಕೋಸಿಸ್‌ನಲ್ಲಿ ಶ್ವಾಸಕೋಶ ಗಟ್ಟಿಯಾಗುತ್ತದೆ, ಕುಗ್ಗುತ್ತದೆ. ಕೊಳವೆ ಕಿರಿದಾಗಲೇಬೇಕು ಅಂತಿಲ್ಲ. ಗಾಳಿ ಕಡಿಮೆ, ಆದರೆ ಇರುವ ಗಾಳಿ ಬೇಗನೆ ಹೊರಗೆ ಬಂದುಬಿಡಬಹುದು. ಪೀಕ್ ಫ್ಲೋ ಮೀಟರು ನೋಡುವುದು ಊದಿದ ಮೊದಲ ಕ್ಷಣದ ವೇಗವನ್ನು ಮಾತ್ರ. ಒಟ್ಟು ಗಾಳಿ ಎಷ್ಟು ಅಂತ ಅದಕ್ಕೆ ಗೊತ್ತೇ ಇಲ್ಲ. ಅಂಥ ಕೆಲಸಗಾರನಿಗೆ ಅದು ನೀನು ಚೆನ್ನಾಗಿದ್ದೀಯ ಅಂತ ಹೇಳಿಬಿಡಬಹುದು. ಹಚಿನ್ಸನ್ನರ ನೀರಿನ ಯಂತ್ರ ಆ ತಪ್ಪು ಮಾಡುತ್ತಿರಲಿಲ್ಲ. ಕಲ್ಲು ಪುಡಿ, ಮರಳು, ಸೆರಾಮಿಕ್ ಕೆಲಸದಲ್ಲಿರುವವರು ಯಾರಾದರೂ ಇದ್ದರೆ ದಯವಿಟ್ಟು ಇದನ್ನು ನೆನಪಿಡಿ. ಆರೋಗ್ಯ ಶಿಬಿರದಲ್ಲಿ ಪೀಕ್ ಫ್ಲೋ ಒಂದನ್ನೇ ಊದಿಸಿ ಎಲ್ಲ ಸರಿ ಅಂದರೆ ಒಪ್ಪಬೇಡಿ. ಒಟ್ಟು ಗಾಳಿಯನ್ನೂ ಅಳೆಯುವ ಪೂರ್ತಿ ಸ್ಪೈರೋಮೆಟ್ರಿ ಕೇಳಿ, ಎಕ್ಸ್‌ರೇ ಕೇಳಿ.

ಉಪಕರಣ ಕೆಲಸದ ಜಾಗಕ್ಕೆ ಹೋದರೆ ಏನು ಕಾಣುತ್ತದೆ ಅನ್ನುವುದಕ್ಕೆ ಹತ್ತಿ ಗಿರಣಿಗಳಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಲ್ಯಾಂಕಶೈರಿನ ನೂಲಿನ ಗಿರಣಿಗಳಲ್ಲಿ ಕೆಲಸಗಾರರು ಒಂದು ವಿಚಿತ್ರ ದೂರು ಹೇಳುತ್ತಿದ್ದರು. ಸೋಮವಾರ ಎದೆ ಬಿಗಿಯುತ್ತದೆ. ಭಾನುವಾರ ರಜೆ, ಸೋಮವಾರ ಕೆಲಸ. ಸೋಮಾರಿತನಕ್ಕೆ ನೆಪ ಅಂದುಕೊಳ್ಳುವುದು ಸುಲಭ. ರಿಚರ್ಡ್ ಶಿಲ್ಲಿಂಗ್ ಮತ್ತು ಮೆಕೆರೋ ತಂಡ ಕೆಲಸ ಶುರುವಾಗುವ ಮುಂಚೆ ಒಮ್ಮೆ, ಕೆಲಸ ನಡೆಯುತ್ತಾ ಮತ್ತೆ, ಹೀಗೆ ದಿನವಿಡೀ ಊದಿಸಿ ನೋಡಿತು. 1958ರಲ್ಲಿ ಪ್ರಕಟಿಸಿತು. ಉಸಿರು ನಿಜವಾಗಿಯೂ ದಿನ ಕಳೆದಂತೆ ಇಳಿಯುತ್ತಿತ್ತು. ಹತ್ತಿ ಧೂಳಿನ ಕಾಯಿಲೆ, ಬಿಸಿನೋಸಿಸ್. ಇದೇ ಕೆಲಸಗಾರನನ್ನು ಗುರುವಾರ ಮಧ್ಯಾಹ್ನ ಆಸ್ಪತ್ರೆಗೆ ಕರೆಸಿ ಊದಿಸಿದ್ದರೆ ಇದು ಕಾಣುತ್ತಿತ್ತಾ?

ಆ ಹೊತ್ತಿಗೆ ಎಲ್ಲರಿಗೂ ಇನ್ನೂ ಅಗ್ಗದ್ದು ಬೇಕಾಗಿತ್ತು. 1959ರಲ್ಲೇ ಅಮೆರಿಕದಲ್ಲಿ ಸ್ನೈಡರ್ ಮತ್ತು ಸಂಗಡಿಗರು ಬೆಂಕಿಕಡ್ಡಿ ಪರೀಕ್ಷೆ ಬರೆದರು. ಉರಿಯುವ ಕಡ್ಡಿಯನ್ನು ಬಾಯಿಂದ 6 ಇಂಚು ದೂರ ಹಿಡಿಯಬೇಕು. ತುಟಿ ಕೂಡಿಸದೆ, ಬಾಯಿ ಪೂರ್ತಿ ತೆರೆದು ಊದಿ ಆರಿಸಬೇಕು. ಆರದಿದ್ದರೆ ಕೊಳವೆಯಲ್ಲಿ ತೊಂದರೆ ಇರಬಹುದು. ಈಗ ಯಾರೂ ಎದ್ದು ಕಡ್ಡಿ ಗೀರಬೇಡಿ! ತುಟಿ ಸ್ವಲ್ಪ ಕೂಡಿಸಿದರೂ ಪರೀಕ್ಷೆ ಕೆಟ್ಟಿತು, ಪಕ್ಕದಲ್ಲಿ ಆಕ್ಸಿಜನ್ ಸಿಲಿಂಡರ್ ಇದ್ದರಂತೂ ಕೇಳಲೇಬೇಡಿ.

1963ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಸೀಟಿಯ ಬಗ್ಗೆ ಬಂತು. ಊದಿದಾಗ ಗಾಳಿ ಎರಡು ದಾರಿಯಲ್ಲಿ ಹೋಗುತ್ತದೆ: ಒಂದು ಸೀಟಿಗೆ, ಇನ್ನೊಂದು ಪಕ್ಕದ ಕಿಂಡಿಗೆ. ಕಿಂಡಿಯನ್ನು ಸ್ವಲ್ಪ ಸ್ವಲ್ಪವೇ ತೆರೆಯುತ್ತಾ ಹೋದರೆ ಒಂದು ಹಂತದಲ್ಲಿ ಸೀಟಿ ಕೂಗುವುದು ನಿಲ್ಲುತ್ತದೆ. ಆಗ ಕಿಂಡಿ ಎಷ್ಟು ತೆರೆದಿದೆಯೋ ಅದೇ ನಿಮ್ಮ ಅಳತೆ. ಇದನ್ನು ಮಾಡಿದವರು ಎಡ್ವರ್ಡ್ ಡಿ ಬೋನೋ. ಹೌದು, ಮುಂದೆ ಅಡ್ಡ ಯೋಚನೆಯ (ಲ್ಯಾಟರಲ್ ಥಿಂಕಿಂಗ್) ಪಾಠ ಹೇಳಿ ಜಗತ್ತೆಲ್ಲ ಹೆಸರಾದರಲ್ಲ, ಅವರೇ. ಈ ಸೀಟಿಯನ್ನು ಮರೆಯಬೇಡಿ, ಮುಂದೆ ಕೆಲಸಕ್ಕೆ ಬರುತ್ತದೆ.

ಅರವತ್ತರ ದಶಕದಲ್ಲೇ ವೈಟಲೋಗ್ರಾಫ್‌ನಂಥ ತಿದಿ ಸ್ಪೈರೋಮೀಟರುಗಳು ಬಂದವು. ಕಮ್ಮಾರನ ತಿದಿಯ ರೀತಿಯದೇ, ಊದಿದರೆ ಉಬ್ಬುತ್ತದೆ, ಪೆನ್ನು ಕಾಗದದ ಮೇಲೆ ಗೆರೆ ಎಳೆಯುತ್ತದೆ. ನೀರಿಲ್ಲ, ಹಿಡಿ ಹಿಡಿದು ಹೊತ್ತೊಯ್ಯಬಹುದು. ಹೊತ್ತವರ ಭುಜ ಏನು ಹೇಳುತ್ತದೋ ಅದು ಬೇರೆ ಮಾತು. ಆದರೆ ಒಟ್ಟು ಗಾಳಿಯೂ ಗೊತ್ತು, ಸೆಕೆಂಡಿನ ಗಾಳಿಯೂ ಗೊತ್ತು.

ಆದರೂ ಮನೆಯೊಳಗೆ ಬಂದದ್ದು ರೈಟ್ ಮೀಟರೇ. 1978ರಲ್ಲಿ ಅವರು ಇನ್ನೂ ಚಿಕ್ಕದು ಮಾಡಿದರು, ಮಿನಿ ರೈಟ್. ರೆಕ್ಕೆ ಹೋಯಿತು. ಒಂದು ಪ್ಲಾಸ್ಟಿಕ್ ಕೊಳವೆ, ಒಳಗೆ ಸ್ಪ್ರಿಂಗಿಗೆ ಕಟ್ಟಿದ ಪಿಸ್ಟನ್ನು, ಮೇಲೆ ಜಾರುವ ಮುಳ್ಳು. ಇವತ್ತು ಮೆಡಿಕಲ್ ಶಾಪಿನಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ಮೀಟರುಗಳೆಲ್ಲ ಹೆಚ್ಚುಕಡಿಮೆ ಇದೇ ವಂಶ.

ಸರಿಯಾದ ಸಮಯಕ್ಕೆ ಬಂತು ಅದು. 1977ರಲ್ಲಿ ಲಂಡನ್ನಿನ ಮಾರ್ಗರೆಟ್ ಟರ್ನರ್ ವಾರ್ವಿಕ್ ಅಸ್ತಮಾದವರ ಉಸಿರು ದಿನವಿಡೀ ಹೇಗೆ ಏರಿಳಿಯುತ್ತದೆ ಅಂತ ತೋರಿಸಿದ್ದರು. ಕೆಲವರಿಗೆ ಬೆಳಗಿನ ಜಾವ ಉಸಿರು ಪಾತಾಳಕ್ಕೆ ಇಳಿಯುತ್ತದೆ. ಹತ್ತು ಗಂಟೆಗೆ ಆಸ್ಪತ್ರೆಗೆ ಬರುವಷ್ಟರಲ್ಲಿ ಸುಮಾರಾಗಿ ಸರಿಯಾಗಿರುತ್ತಾರೆ. ಡಾಕ್ಟರ್ ಊದಿಸಿ, ಏನೂ ಇಲ್ಲವಲ್ಲಮ್ಮ ಅನ್ನುತ್ತಾರೆ. ರಾತ್ರಿಯೆಲ್ಲ ದಿಂಬಿಗೆ ಒರಗಿ ಕೂತಿದ್ದವರಿಗೆ ಎಷ್ಟು ಸಿಟ್ಟು ಬರಬೇಡ? ಮನೆಯ ಮೀಟರು ಬೆಳಗ್ಗೆ ಎದ್ದಾಗ ಒಮ್ಮೆ, ಸಂಜೆ ಒಮ್ಮೆ ಊದಿ ಬರೆದಿಡುವಂತೆ ಮಾಡಿತು. ಬ್ರಿಟನ್ನಿನಲ್ಲಿ 1990ರಿಂದ ವೈದ್ಯರ ಚೀಟಿಗೇ ಸಿಗತೊಡಗಿತು.

ಬೆಂಗಳೂರಿನವರಿಗೆ ಇದು ದೂರದ ವಿಷಯವಲ್ಲ. ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ತಮ್ಮ ಆಸ್ಪತ್ರೆಗೆ ಬರುವ ಮಕ್ಕಳ ಲೆಕ್ಕ ಇಟ್ಟಿದ್ದರು. ಅಲ್ಲಿ ಅಸ್ತಮಾ ಇರುವ ಮಕ್ಕಳು 1979ರಲ್ಲಿ ಶೇಕಡಾ 9, 1999ರಲ್ಲಿ ಶೇಕಡಾ 29.5. ಇದು ಆಸ್ಪತ್ರೆಗೆ ಬಂದವರ ಲೆಕ್ಕ, ಇಡೀ ಊರಿನದ್ದಲ್ಲ, ಅದನ್ನು ಗಮನದಲ್ಲಿಡಿ. ಆದರೂ ಇಪ್ಪತ್ತು ವರ್ಷದಲ್ಲಿ ಮೂರು ಪಟ್ಟು.

ಮೀಟರು ಊದುವಾಗ ಒಂದು ಕಳ್ಳಾಟ ಇದೆ, ಮಕ್ಕಳು ಬೇಗ ಕಲಿಯುತ್ತಾರೆ. ಉಗುಳುವಂತೆ, ನಾಲಿಗೆಯಿಂದ ತಡೆದು ಫಟ್ ಅಂತ ಬಿಟ್ಟರೆ ಮುಳ್ಳು ಎಲ್ಲೋ ಹೋಗಿ ನಿಲ್ಲುತ್ತದೆ. ಮೀಟರು ಕೆಟ್ಟಿದೆ, ಒಮ್ಮೆ 300 ಒಮ್ಮೆ 500 ತೋರಿಸುತ್ತದೆ ಅಂತ ನನ್ನ ಹತ್ತಿರ ತಂದವುಗಳಲ್ಲಿ ಮೀಟರು ಸರಿಯಾಗಿದ್ದದ್ದೇ ಜಾಸ್ತಿ. ನಿಂತು, ಪೂರ್ತಿ ಉಸಿರು ಎಳೆದು, ತುಟಿ ಬಿಗಿಯಾಗಿ ಮುಚ್ಚಿ, ಒಂದೇ ಸಲಕ್ಕೆ ಊದಿ. ಮೂರು ಸಲ ಊದಿ, ಜಾಸ್ತಿ ಬಂದದ್ದನ್ನು ಬರೆದುಕೊಳ್ಳಿ. ಬೆರಳು ಮುಳ್ಳಿನ ದಾರಿಗೆ ಅಡ್ಡ ಬರಬಾರದು.

ಆದರೆ ಮೀಟರೂ ಸುಳ್ಳು ಹೇಳಿದ್ದುಂಟು. ಇದು ನನಗೆ ಬಹಳ ಇಷ್ಟದ ಅಧ್ಯಾಯ. ರೈಟ್ ಅಳತೆಪಟ್ಟಿ ಬಂದು ಮೂವತ್ತು ವರ್ಷ ದಾಟಿದ ಮೇಲೆ, 1992ರಲ್ಲಿ ಮಾರ್ಟಿನ್ ಮಿಲ್ಲರ್ ತಂಡ ಕಂಪ್ಯೂಟರ್ ನಡೆಸುವ ಪಂಪಿನಿಂದ ಮೀಟರುಗಳಿಗೆ ಗಾಳಿ ಊದಿಸಿ ನೋಡಿತು. ತುದಿಗಳಲ್ಲಿ ಪರವಾಗಿಲ್ಲ, ನಡುವಿನಲ್ಲಿ ಮೀಟರು ಉಬ್ಬಿಸಿ ಹೇಳುತ್ತಿತ್ತು. ನಿಮಿಷಕ್ಕೆ 300 ಲೀಟರಿನ ಆಸುಪಾಸಿನಲ್ಲಿ 80 ಲೀಟರಿನವರೆಗೂ ಜಾಸ್ತಿ. ಅಸ್ತಮಾ ಕೆಡುವಾಗ ದೊಡ್ಡವರ ಮುಳ್ಳು ನಿಲ್ಲುವುದು ಸರಿಯಾಗಿ ಆ ನಡುವಿನಲ್ಲೇ! ಕಾಯಿಲೆ ಇಳಿಯುತ್ತಿದೆ ಅಂದುಕೊಂಡದ್ದು ಪಟ್ಟಿಯ ದೋಷವೂ ಇರಬಹುದು. 2004ರಲ್ಲಿ ಯುರೋಪಿನಲ್ಲಿ ಹೊಸ ಅಳತೆಪಟ್ಟಿ ಜಾರಿಗೆ ಬಂತು. ಹಾಗಾಗಿ ಹಳೆ ಮೀಟರು ಬಿಟ್ಟು ಹೊಸದು ಕೊಂಡರೆ ಹಳೆ ಅಂಕಿಯ ಜೊತೆ ಹೋಲಿಸಬೇಡಿ. ಕೆಲವು ದಿನ ಎರಡನ್ನೂ ಊದಿ ನೋಡಿ. ಬೆಟ್ಟಕ್ಕೆ ಹೋಗುವವರಿಗೂ ಒಂದು ಮಾತು: ತೀರಾ ಎತ್ತರದಲ್ಲಿ ಗಾಳಿ ತೆಳು, ಅಲ್ಲಿ ಇದೇ ಮೀಟರು ಕಡಿಮೆ ತೋರಿಸುತ್ತದೆ.

ಮೀಟರು ಹಗುರವಾಯಿತು. ಅದರ ಜೊತೆ ಬರುವ ಪಟ್ಟಿ, ಇಷ್ಟಿದ್ದರೆ ಸರಿ ಅನ್ನುವ ಕೋಷ್ಟಕ, ಅದು ಹಗುರವಾಗಲಿಲ್ಲ. ಹಚಿನ್ಸನ್ನರ ಪ್ರಬಂಧ ಬಂದು ಹೆಚ್ಚು ಕಾಲ ಆಗಿರಲಿಲ್ಲ. ಅಮೆರಿಕದಲ್ಲಿ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಅನ್ನುವ ವೈದ್ಯ, ಗುಲಾಮಗಿರಿ ಬೇಕೇ ಬೇಕು ಅನ್ನುತ್ತಿದ್ದವನು, ಸ್ಪೈರೋಮೀಟರ್ ಹಿಡಿದುಕೊಂಡು ಕರಿಯರ ಶ್ವಾಸಕೋಶ ಶೇಕಡಾ 20ರಷ್ಟು ಕಡಿಮೆ ಅಂದ. ಅದನ್ನು ಗುಲಾಮಗಿರಿಗೆ ಸಮರ್ಥನೆ ಮಾಡಿಕೊಂಡ. ಬಡತನ, ಹಸಿವು, ಹೊಗೆ, ಯಾವುದೂ ಅವನ ಲೆಕ್ಕದಲ್ಲಿಲ್ಲ. ಆಮೇಲೆ ಜನಾಂಗ ನೋಡಿ ಅಂಕಿ ತಗ್ಗಿಸುವುದು ಯಂತ್ರದ ಒಳಗೇ ಬಂದು ಕೂತಿತು. ನಮ್ಮಲ್ಲೂ ಬಿಳಿಯರ ಕೋಷ್ಟಕಕ್ಕೆ ಶೇಕಡಾ 10ರಷ್ಟು ಕಡಿತ ಮಾಡುವ ರೂಢಿ ಇತ್ತು. ದೆಹಲಿ, ಮುಂಬೈ, ಚೆನ್ನೈಗಳಲ್ಲಿ ನಮ್ಮವರೇ ಅಳೆದು ಕೋಷ್ಟಕ ಮಾಡಿದರು. ಆದರೆ 2012ರಲ್ಲಿ ಬಂದ ಜಾಗತಿಕ ಕೋಷ್ಟಕದಲ್ಲಿ ಭಾರತ ಉಪಖಂಡಕ್ಕೆ ಒಂದು ಗುಂಪೇ ಇರಲಿಲ್ಲ. 2023ರಲ್ಲಿ ಅಮೆರಿಕದ ಶ್ವಾಸಕೋಶ ತಜ್ಞರ ಸಂಘ, ಅಮೆರಿಕನ್ ಥೊರಾಸಿಕ್ ಸೊಸೈಟಿ, ಜನಾಂಗದ ಲೆಕ್ಕ ಬಿಡಿ, ಎಲ್ಲರಿಗೂ ಒಂದೇ ಸರಾಸರಿ ಇಟ್ಟುಕೊಳ್ಳಿ ಅಂತ ಹೇಳಿತು.

ಅದರಲ್ಲೂ ಪೇಚು ಇದೆ. ಕಡಿತ ಮಾಡಿದರೆ ಬಡತನದ, ಹೊಗೆಯ ಹಾನಿಯನ್ನು ಸಹಜ ಅಂತ ಒಪ್ಪಿಕೊಂಡಂತೆ. ಕಡಿತ ಬಿಟ್ಟರೆ ಚೆನ್ನಾಗಿರುವವನಿಗೂ ಕಾಯಿಲೆಯ ಪಟ್ಟ ಬಂದು ಕೆಲಸ ಹೋಗಬಹುದು. ನನ್ನ ಅಭಿಪ್ರಾಯ ಕೇಳಿದರೆ, ಮನೆಯಲ್ಲಿ ಊದುವವರು ಕೋಷ್ಟಕ ಮರೆತುಬಿಡಿ. ಚೆನ್ನಾಗಿರುವ ದಿನಗಳಲ್ಲಿ ನಿಮಗೆ ಬಂದ ಅತಿ ದೊಡ್ಡ ಅಂಕಿಯೇ ನಿಮ್ಮ ನೂರು. ಅದರ ಶೇಕಡಾ 80ರ ಮೇಲಿದ್ದರೆ ಹಸಿರು. 50ರಿಂದ 80ರ ನಡುವೆ ಹಳದಿ, ಡಾಕ್ಟರ್ ಹೇಳಿಕೊಟ್ಟ ಔಷಧದ ಬದಲಾವಣೆ ಮಾಡಬೇಕು. 50ಕ್ಕಿಂತ ಕೆಳಗೆ ಕೆಂಪು, ಇನ್‌ಹೇಲರ್ ಎಳೆದುಕೊಂಡು ಆಸ್ಪತ್ರೆಗೆ ಹೊರಡಬೇಕು.

ಇನ್ನು ಎಲೆಕ್ಟ್ರಾನಿಕ್ ಕಾಲ. 1925ರಲ್ಲೇ ಸ್ವಿಸ್ ವಿಜ್ಞಾನಿ ಆಲ್ಫ್ರೆಡ್ ಫ್ಲೈಶ್ ಸಣ್ಣ ಕೊಳವೆಗಳ ಕಟ್ಟಿನ ಮೂಲಕ ಊದಿಸಿ, ಎರಡು ತುದಿಯ ಒತ್ತಡದ ವ್ಯತ್ಯಾಸದಿಂದ ವೇಗ ಕಂಡುಹಿಡಿದಿದ್ದರು. ವೇಗವನ್ನು ಕ್ಷಣಕ್ಷಣಕ್ಕೂ ಕೂಡುತ್ತಾ ಹೋದರೆ ಒಟ್ಟು ಗಾಳಿ ಬರುತ್ತದೆ. ಕಂಪ್ಯೂಟರ್ ಚಿಪ್ ಅಗ್ಗವಾದ ಮೇಲೆ ಈ ಕೂಡುವ ಲೆಕ್ಕ ಅಂಗೈಯಲ್ಲೇ ಮುಗಿಯತೊಡಗಿತು. 1982ರ ಹೊತ್ತಿಗೆ ಪುಟ್ಟ ಟರ್ಬೈನಿನ ಜೇಬು ಸ್ಪೈರೋಮೀಟರ್ ಬಂತು. ಈಗ ಶಬ್ದ ತರಂಗದಲ್ಲಿ ಅಳೆಯುವವೂ ಇವೆ. ಚಿಕ್ಕದಾಗಲು ಬಿಟ್ಟಿದ್ದ ಒಟ್ಟು ಗಾಳಿ ವಾಪಸ್ ಬಂತು. ನನ್ನಂಥವರ ಕೆಲಸ ಮಾತ್ರ ಬದಲಾಯಿತು, ಸ್ಪ್ರಿಂಗು ಹೋಗಿ ಕ್ಯಾಲಿಬ್ರೇಷನ್ ಬಂತು. 3 ಲೀಟರಿನ ದೊಡ್ಡ ಸಿರಿಂಜಿನಿಂದ ಗಾಳಿ ತಳ್ಳಿ, 3 ಲೀಟರ್ ತೋರಿಸುತ್ತದಾ ಅಂತ ನೋಡುವುದು. ಲ್ಯಾಬಿನಲ್ಲಿ ಇದನ್ನು ದಿನಾ ಮಾಡಬೇಕು. ಮುಂದಿನ ಸಲ ಪಿಎಫ್‌ಟಿಗೆ ಹೋದಾಗ, ಇವತ್ತು ಸಿರಿಂಜ್ ಹಾಕಿ ನೋಡಿದಿರಾ ಅಂತ ಮೆಲ್ಲಗೆ ಕೇಳಿ.

ಕೊನೆಗೆ ಸೀಟಿಯ ವಿಷಯ. 2012ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಸ್ಮಾರ್ಟ್‌ಫೋನಿನ ಮೈಕಿಗೆ ಊದಿಸಿ, ಆ ಸದ್ದಿನಿಂದಲೇ ಎಫ್‌ಇವಿ1 ಲೆಕ್ಕ ಹಾಕಿದರು. ಸ್ಮಾರ್ಟ್‌ಫೋನ್ ಇಲ್ಲದವರ ಗತಿ ಏನು ಅನ್ನುವ ಪ್ರಶ್ನೆ ಬಂತು. 2016ರಲ್ಲಿ ಅದೇ ತಂಡ ಸಾಮಾನ್ಯ ಫೋನಿನಿಂದ ಒಂದು ನಂಬರಿಗೆ ಕರೆ ಮಾಡಿ ಊದುವ ವ್ಯವಸ್ಥೆ ತೋರಿಸಿತು. ಸದ್ದು ಸ್ಪಷ್ಟವಾಗಿ ಕೇಳಲಿ ಅಂತ ಜೊತೆಗೆ ಒಂದು ಪುಟ್ಟ ಸೀಟಿ ಮಾಡಿತು. ಊದಿದ ವೇಗ ಜಾಸ್ತಿಯಾದಷ್ಟೂ ಸ್ವರ ಏರುತ್ತದೆ. ಸ್ವರ ಕೇಳಿಸಿಕೊಂಡ ಕಂಪ್ಯೂಟರ್ ವೇಗ ಹೇಳುತ್ತದೆ.

ಇದು ನಮ್ಮ ಹಳ್ಳಿಗಳಿಗೆ ಬೇಕಾದದ್ದೇ. ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನವರು ಸುತ್ತಲ ಹಳ್ಳಿಗಳಲ್ಲಿ ಸಿಒಪಿಡಿ, ಅಂದರೆ ಉಸಿರಿನ ಕೊಳವೆ ಕಿರಿದಾಗಿ ಮತ್ತೆ ಪೂರ್ತಿ ಸರಿಹೋಗದ ಕಾಯಿಲೆ, ಹುಡುಕಿದಾಗ, ಸೌದೆ ಒಲೆಯ ಮುಂದೆ ವರ್ಷಗಟ್ಟಲೆ ಕೂತ, ಬೀಡಿ ಸಿಗರೇಟು ಮುಟ್ಟದ ಹೆಂಗಸರಲ್ಲೂ ಅದು ಕಂಡಿತು. ಅವರಿಗೆ ಬೇಕಾಗಿರುವುದು ಪೀಕ್ ಫ್ಲೋ ಅಲ್ಲ, ಸ್ಪೈರೋಮೆಟ್ರಿ. ಸಿಒಪಿಡಿ ಇದೆ ಅಂತ ಹೇಳಬೇಕಾದರೆ ಇನ್‌ಹೇಲರ್ ಕೊಟ್ಟಾದ ಮೇಲೂ ಸೆಕೆಂಡಿನ ಗಾಳಿ ಒಟ್ಟು ಗಾಳಿಯ ಶೇಕಡಾ 70ಕ್ಕಿಂತ ಕಡಿಮೆ ಇದೆಯಾ ಅಂತ ನೋಡಬೇಕು. ಅದಕ್ಕೆ ಎರಡೂ ಅಂಕಿ ಬೇಕು. ಒಟ್ಟು ಗಾಳಿ ಸರಿಯಾಗಿ ಬರಬೇಕಾದರೆ ಆರು ಸೆಕೆಂಡಾದರೂ ಊದುತ್ತಲೇ ಇರಬೇಕು, ಎರಡೇ ಸೆಕೆಂಡಿಗೆ ಎಲ್ಲರೂ ಸಾಕು ಅನ್ನುತ್ತಾರೆ. ಆಶಾ ಕಾರ್ಯಕರ್ತೆಯ ಚೀಲಕ್ಕೆ ಯಂತ್ರ ಹಾಕಿ ಕಳಿಸುವುದು ಈಗ ಕಷ್ಟವಲ್ಲ. ಊದು, ಊದು, ಇನ್ನೂ ಊದವ್ವಾ ಅಂತ ಪಕ್ಕದಲ್ಲಿ ನಿಂತು ಕೂಗಲು ಅವರಿಗೆ ತರಬೇತಿ ಕೊಡಬೇಕು, ಆ ಕೂಗಿಗೆ ಸಮಯವನ್ನೂ ಕೊಡಬೇಕು. ಅದನ್ನು ಯಾವ ಕಂಪನಿಯೂ ಡಬ್ಬಿಯಲ್ಲಿ ಹಾಕಿ ಕೊಡುವುದಿಲ್ಲ.